ಬೆವರು ಆರುವ ತನಕ

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ನಾವು ಕಾಲನ್ನೇ ಮೊದಲು ಕೊಂಡೆವು:
ಯಾರೋ ಬಳಸಿಬಿಟ್ಟ ಗ್ರಾಫಿಕ್ಸ್ ಕಾರ್ಡು, ಮೂರು ಫ್ಯಾನು,
ಮೂವತ್ತೆರಡೂವರೆ ಸೆಂಟಿಮೀಟರು ಉದ್ದ.
ಖುಲನ್ ಅದನ್ನು ಟವೆಲಿನಲ್ಲಿ ಸುತ್ತಿ
ಬಣ್ಣದ ಮರದ ಪೆಟ್ಟಿಗೆಯೊಳಗೆ
ನನ್ನ ಉಣ್ಣೆ ಅಂಗಿಗಳ ನಡುವೆ
ನಾಲ್ಕು ತಿಂಗಳು ಮಲಗಿಸಿದ್ದಳು.
ಈಗ ಹಾಸಿಗೆ ಹುಡುಕಲು ಹೊರಟಿದ್ದೇವೆ.

ಉಲಾನ್‌ಬಾತರ್, ಜನವರಿ. ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಬಸ್ಸಿನ ಕಿಟಕಿಗೆ ಒಳಗಡೆಯೇ ಹಿಮ;
ಅದರ ಮೇಲೆ ಉಗುರಿನಿಂದ ಗೀರಿ ತೋರಿಸಿದಳು:
ಬದಿಗೆ ಗಾಜು, ಮುಂದೆಯೂ ಗಾಜು.
ನಾವು ಇಳಿಯುವಷ್ಟರಲ್ಲಿ
ಯಾರದೋ ತೋಳು ಅದನ್ನು ಉಜ್ಜಿಹಾಕಿತ್ತು.

ಅಂಗಡಿಯಲ್ಲಿ ಖಾಲಿ ಕೇಸುಗಳ ಸಾಲು.
ಕರಿಯವು, ಬಿಳಿಯವು, ಒಂದು ಮಾತ್ರ ಯಾಕೋ ಗುಲಾಬಿ.
ಒಳಗೆ ಏನೂ ಇಲ್ಲ, ದೀಪ ಮಾತ್ರ ಹತ್ತಿಸಿಟ್ಟಿದ್ದಾರೆ,
ಬಾಡಿಗೆಗೆ ಇನ್ನೂ ಯಾರೂ ಬಾರದ ಮನೆಗಳ ಹಾಗೆ.

ತೋರಿಸಿದವನು ಗಾನ್‌ಜೋರಿಗ್. ಬೆರಳಿಗೆ ಬ್ಯಾಂಡೇಜು.
ನಾನು ಅದನ್ನೇ ನೋಡುತ್ತಿದ್ದೆ.
"ಅಗ್ಗದ ತಗಡು," ಅಂದ. "ಅಂಚು ಮಡಚಿರೋದಿಲ್ಲ.
ಕೈ ಹಾಕಿದವರ ರುಚಿ ನೋಡದೆ ಬಿಡೋದಿಲ್ಲ."

ಖುಲನ್ ಗಾಜಿನ ಮುಂದೆ ನಿಂತುಬಿಟ್ಟಳು.
ನಾನು ಹಿಂಬದಿಗೆ ಹೋದೆ.
ಇಪ್ಪತ್ತಾರು ವರ್ಷ ಬಾಯ್ಲರು ಕಾದವನಿಗೆ
ಕೇಳಲು ಬರುವುದು ಒಂದೇ ಪ್ರಶ್ನೆ:
ಗಾಳಿ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ?

ಹುಡುಗ ನಕ್ಕ. ಆಮೇಲೆ ನನ್ನ ಕೈ ನೋಡಿದ.
ಉಗುರುಸಂದಿಯ ಕಪ್ಪು ಯಾವ ಸೋಪಿಗೂ ಸೋತದ್ದಲ್ಲ.
ನೆಲದ ಮೇಲೇ ಕೂತು ವಿವರಿಸತೊಡಗಿದ.
ಮುಂದಿನಿಂದ ತಣ್ಣಗಿನದು ಒಳಗೆ,
ಹಿಂದಿನಿಂದ ಬಿಸಿಯದು ಹೊರಗೆ, ಉಳಿದದ್ದು ನೆತ್ತಿಯಿಂದ.
ಗೆರ್ ಇದ್ದ ಹಾಗೆ, ಅಂದೆ.
ಉಣ್ಣೆಗೋಡೆಯ ಬುಡ ಒಂಚೂರು ಎತ್ತಿದರೆ ಸಾಕು,
ಇಡೀ ಮನೆ ಉಸಿರೆಳೆದುಕೊಳ್ಳುತ್ತೆ.
"ಅದೇ ಅಜ್ಜ, ಅದೇ!"
ಅಜ್ಜ ಅಂದದ್ದಕ್ಕೆ ಖುಲನ್ ಕಿಸಕ್ಕೆಂದಳು.

ಮುಂದೆ ಗಾಜಿದ್ದರೆ ಬಾಗಿಲು ಜಡಿದು ಒಲೆ ಉರಿಸಿದಂತೆ.
ಜಾಲರಿ ಇದ್ದದ್ದು ಚೆನ್ನಾಗಿ ಉಸಿರಾಡುತ್ತೆ.
ಆದರೆ ನಮ್ಮ ಓಣಿಯಲ್ಲಿ ಉಸಿರಾಡುವುದೆಂದರೆ...
ಪೂರ್ತಿ ಹೇಳಬೇಕಾಗಲಿಲ್ಲ. ಹುಡುಗನೂ ಆ ಗುಡ್ಡದ ಕಡೆಯವನೇ.
ಸಂಜೆ ಆರಕ್ಕೆ ಎಲ್ಲ ಒಲೆಗಳೂ ಒಟ್ಟಿಗೆ ಹತ್ತುತ್ತವೆ,
ಹಾಲಿನ ಕೆನೆಯ ಮೇಲೂ ಮಸಿ.
ಚಿಕ್ಕವಳಿದ್ದಾಗ ಇವಳು ಎರಡು ಚಳಿಗಾಲ
ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಇಟ್ಟುಕೊಂಡು ಮಲಗಿದ್ದಳು.

ಫಿಲ್ಟರ್ ಇದೆಯಾ?
ಇದೆ. ಎಳೆದರೆ ಬರುತ್ತೆ. ತೊಳೆದು ಹಾಕಬಹುದು.
ಮೂರು ಸಲ ಎಳೆದೆ, ಮೂರು ಸಲ ಹಾಕಿದೆ.
ಇಂಥದ್ದೊಂದು ಅವಳಿಗೆ
ಆಗ ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ.

ಅಳತೆಪಟ್ಟಿ ಹಿಡಿದರೆ ಒಳಗೆ ಮೂವತ್ತಮೂರು.
ಕಾಲಿಗೂ ಗೋಡೆಗೂ ಅರ್ಧ ಸೆಂಟಿಮೀಟರು.
"ಸಾಕು," ಅಂದಳು, "ನನ್ನ ಮಂಚಕ್ಕಿಂತ ವಾಸಿ."
ಬದಿಗೆ ಮಾತ್ರ ಗಾಜು ಉಳಿಯಿತು.
ಅಷ್ಟಕ್ಕೆ ನಾನು ಸೋತೆನೋ ಅವಳು ಸೋತಳೋ,
ಎರಡು ಲಕ್ಷ ಎಂಬತ್ತು ಸಾವಿರ ತುಗ್ರಿಕ್.
ಹುಡುಗ ಹತ್ತು ಸಾವಿರ ಬಿಟ್ಟ, ಬಸ್ಸಿಗೆ ಅಂತ.

ಮನೆಗೆ ತಂದು ರಟ್ಟು ಬಿಚ್ಚಿದ್ದೇ ತಡ
ಗಾಜು ಮಂಜಾಯಿತು, ತಗಡು ಬೆವರಿತು,
ಒಂದೊಂದು ಸ್ಕ್ರೂವಿನ ನೆತ್ತಿಯಲ್ಲೂ ಒಂದೊಂದು ಹನಿ.
ಖುಲನ್ ಆಗಲೇ ಮೊಣಕಾಲೂರಿ ತಯಾರು.
ತಡಿ, ಅಂದೆ. ಚಳಿಯಿಂದ ಬಂದ ಕಬ್ಬಿಣವನ್ನು
ಬಂದ ಕೂಡಲೇ ಕೆಲಸಕ್ಕೆ ಹಚ್ಚಬಾರದು.
"ಎಷ್ಟು ಹೊತ್ತು?"
ಬೆವರು ಆರುವ ತನಕ.

ಅವಳಮ್ಮ ಉಪ್ಪುಚಹ ಸುರಿದಳು.
ಒಲೆಯ ಬಾಯಿ ತೆರೆದು
ಕಲ್ಲಿದ್ದಲ ಹೆಂಟೆ ಕೈಯಲ್ಲಿ ಹಿಡಿದು
ಯಾಕೋ ಒಂದು ಗಳಿಗೆ ತಡೆದೆ.
ಆಮೇಲೆ ಹಾಕಿದೆ. ಇನ್ನೇನು ಮಾಡಲಿ.

ಖುಲನ್ ತೋಳಿನಿಂದ ಗಾಜು ಒರೆಸಿ ಬಗ್ಗಿ ನೋಡಿದಳು.
ಒಳಗೆ ಇನ್ನೂ ಏನೂ ಇಲ್ಲ,
ನಮ್ಮ ಒಲೆ ಮಾತ್ರ ಉರಿಯುತ್ತಿದೆ.