ಹೊಲಿಗೆ ಸಂಘದ ಪಟ್ಟಿ

ವೆಸ್ಟ್ ಓಕ್‌ಲೆಂಡ್, ೧೯೨೬

ಪರದೆ ಎಳೆದಾಯಿತು. ಮೇಜಿನ ಮೇಲೆ
ಕತ್ತರಿ, ದಾರದುಂಡೆ, ಅರ್ಧ ಹೊಲಿದ ಕೌದಿ.
ಯಾರಾದರೂ ಬಾಗಿಲು ತಟ್ಟಿದರೆ ನಾವು ಹೆಂಗಸರು
ಚರ್ಚಿನ ಮಕ್ಕಳಿಗೆ ಹೊದಿಕೆ ಹೊಲಿಯುತ್ತಿದ್ದೇವೆ.
ಗಂಡಸರು ಅಡುಗೆಮನೆಯಲ್ಲಿ. ಬೂಟು ಕೈಯಲ್ಲಿ ಹಿಡಿದು
ಹಿತ್ತಿಲ ಬಾಗಿಲಿಂದ ಒಬ್ಬೊಬ್ಬರೇ ಬಂದವರು.

ನನ್ನ ಅಲಾಂಜೊ ಇಂದು ಬೆಳಿಗ್ಗೆ ಇಳಿದ,
ಶಿಕಾಗೋದಿಂದ ಮೂರು ರಾತ್ರಿ, ಕಣ್ಣು ಕೆಂಡ.
ಅವನ ಗಾಡಿಗೆ ವಾಲ್‌ನಟ್ ಮರದ ಗೋಡೆ,
ಹಸಿರು ಮಕಮಲ್ಲಿನ ಆಸನ, ಹಿತ್ತಾಳೆಯ ದೀಪ,
ಎಳೆದರೆ ಹಾಸಿಗೆಯಾಗಿ ಇಳಿಯುವ ಛಾವಣಿ.
ಎಲ್ಲರೂ ಮಲಗಿದ ಮೇಲೆ ಇವನಿಗೆ
ಸಿಗರೇಟು ಕೋಣೆಯ ಸೋಫಾ, ಮೂರು ಗಂಟೆ ನಿದ್ದೆ,
ಆ ಮೂರರಲ್ಲಿ ಯಾರೂ ಗಂಟೆ ಬಾರಿಸದಿದ್ದರೆ.
ಬೂಟಿನ ಪಾಲಿಶು ಇವನದೇ ದುಡ್ಡು.
ಟವೆಲು ಕಳೆದರೂ ಇವನದೇ ದುಡ್ಡು.
ಕದ್ದವನು ಮಾತ್ರ ಇವನಲ್ಲ.

ಈ ಸಲ ಕೊನೆಯ ಡಬ್ಬಿಯಲ್ಲಿ ಒಬ್ಬ ಅಭ್ಯರ್ಥಿ.
ರೈಲು ನಿಂತ ನಿಂತ ಊರಲ್ಲಿ ಹಿಂದಿನ ಕಟಕಟೆಗೆ ಬಂದು
ಟೋಪಿ ಬೀಸಿ ಕೂಗುತ್ತಿದ್ದನಂತೆ:
ಬೆವರು ಸುರಿಸುವವನೇ ಈ ದೇಶದ ಬೆನ್ನೆಲುಬು!
ಅವನು ಇಳಿಯಲು ಮೆಟ್ಟಿಲುಮಣೆ ಇಟ್ಟವನು ಅಲಾಂಜೊ.
ಮಣೆಯ ಮೇಲೆ ಕಾಲು, ಇವನ ಹೆಗಲ ಮೇಲೆ ಕೈ,
‘ಥ್ಯಾಂಕ್ಸ್, ಜಾರ್ಜ್.’
ರಾತ್ರಿ ಆ ಬೂಟು ಉಜ್ಜುವಾಗ ತಿರುಗಿಸಿ ನೋಡಿದನಂತೆ,
ಅಡಿ ಸವೆದೇ ಇರಲಿಲ್ಲ.

ಎಲ್ಲರೂ ಜಾರ್ಜ್. ಕಂಪನಿ ಕಟ್ಟಿದ ಯಜಮಾನನ ಹೆಸರು.
ಅವನು ಸತ್ತು ಮೂವತ್ತು ವರ್ಷವಾಗುತ್ತ ಬಂತು.
ನಮ್ಮ ಅಜ್ಜಂದಿರನ್ನೂ ಹೀಗೇ ಕರೆಯುತ್ತಿದ್ದರು,
ದಣಿಯ ಹೆಸರು ಹಿಡಿದು.
ಹತ್ತಿ ಹೋಗಿ ಮಕಮಲ್ಲು ಬಂತು, ಅಷ್ಟೆ.

ಮುದುಕ ಎಫ್ರಾಯಿಮ್ ಟ್ರಿಗ್ ಗೊಣಗಿದ:
ತೊಂಬತ್ನಾಲ್ಕರಲ್ಲಿ ಇದೇ ಕಂಪನಿಯ ಮೇಲೆ ಸಿಟ್ಟಾಗಿ
ಶಿಕಾಗೋದಲ್ಲಿ ಚಕ್ರಗಳೆಲ್ಲ ನಿಂತಿದ್ದವು.
ಬಿಳಿಯರ ಸಂಘದ ಬಾಗಿಲಲ್ಲಿ ನಾನೂ ನಿಂತಿದ್ದೆ.
ಒಳಗೆ ಬಾ ಅನ್ನಲಿಲ್ಲ ಯಾರೂ.

ನಾನು ಲೆಡ್ಜರು ತೆರೆದೆ.
ಪೂರ್ತಿ ಹೆಸರು ಹೇಳಿ ಅಂದೆ, ಹೆತ್ತವರು ಇಟ್ಟದ್ದು.
ಅಲಾಂಜೊ ಪೆಟಿಗ್ರೂ.
ಸೈಲಸ್ ಬ್ರಾಡ್‌ನ್ಯಾಕ್ಸ್.
ಹೇಳುವಾಗ ಬೆನ್ನು ನೆಟ್ಟಗಾಗುತ್ತಿತ್ತು ಒಬ್ಬೊಬ್ಬರದು.
ಒಬ್ಬ ನಡುವಿನ ಹೆಸರನ್ನೂ ಬರೆಸಿದ,
ಇನ್ನೊಬ್ಬ ನನ್ನ ಕಾಗುಣಿತ ತಿದ್ದಿದ, ಎರಡು ಸಲ.

ಕೊನೆಗೆ ಒಲೆಯ ಮಗ್ಗುಲಲ್ಲಿ ನಿಂತಿದ್ದ ಹುಡುಗ,
ಹೋದ ತಿಂಗಳು ಕೆಲಸಕ್ಕೆ ಸೇರಿದವನು,
ಟೋಪಿ ತಿರುವುತ್ತ ಹೇಳಿದ: ಜಾರ್ಜ್.

ಎಲ್ಲರೂ ನಕ್ಕರು. ಬ್ರಾಡ್‌ನ್ಯಾಕ್ಸ್ ಮೇಜು ತಟ್ಟಿ ನಕ್ಕ.
ಇಲ್ಲ, ಅಂದ ಹುಡುಗ, ನಿಜಕ್ಕೂ ಜಾರ್ಜ್.
ಜಾರ್ಜ್ ಲ್ಯಾಟಿಮೋರ್. ನಮ್ಮಮ್ಮನ ತಮ್ಮನ ಹೆಸರು,
ಹೊಳೆಯಲ್ಲಿ ಹೋದವನದು.
ಈಗ ಅಮ್ಮ ಕೂಗಿದರೂ
ಯಾರಿಗೋ ದಿಂಬು ಬೇಕೇನೋ ಅಂತ ಎದ್ದುಬಿಡುತ್ತೇನೆ.

ಒಲೆಯ ಮೇಲೆ ನೀರು ಕುದಿದು ಉಕ್ಕಿತು.
ಇಳಿಸಲು ಯಾರೂ ಏಳಲಿಲ್ಲ.

ಬರೆದೆ. ಉಳಿದವರದ್ದಕ್ಕಿಂತ ನಿಧಾನವಾಗಿ.
ತೋರಿಸಿ ಅಂದ. ದೀಪದ ಕಡೆ ಪುಸ್ತಕ ತಿರುಗಿಸಿದೆ.
ಬಹಳ ಹೊತ್ತು ನೋಡಿದ,
ಊರಿನವನನ್ನು ಪರವೂರಲ್ಲಿ ಕಂಡು ಗುರುತು ಹಿಡಿಯುವವನ ಹಾಗೆ.
ಆಮೇಲೆ ಚಂದಾ ಎಣಿಸತೊಡಗಿದ ಕೌದಿಯ ಮೇಲೆ:
ಹತ್ತು ಸೆಂಟು, ಐದು, ಮತ್ತೆ ಐದು,
ಒಂದೊಂದೂ ಯಾರೋ
ಜಾರ್ಜ್ ಎಂದು ಕರೆದು ಕೊಟ್ಟದ್ದು.