ಸಹಿ

ವಿರಾಜಪೇಟೆ ಕೋರ್ಟಿನ ಎದುರು, ಜೆರಾಕ್ಸ್ ಅಂಗಡಿಯ ಜಗಲಿಯಲ್ಲಿ
ನನ್ನದೊಂದು ಟೈಪ್‌ರೈಟರು.
ಅದರ 'ಳ' ಸವೆದಿದೆ, ಪೆನ್ನಿನಲ್ಲಿ ತಿದ್ದುತ್ತೇನೆ.
ಬೆಂಚ್ ಕ್ಲರ್ಕಾಗಿ ನಿವೃತ್ತನಾದವನು ನಾನು;
ಕಿವಿ ಮಂದವಾಗಿದೆ, ತಾರೀಖು ಮಾತ್ರ ಒಂದೂ ಮರೆತಿಲ್ಲ.

ಸೆಲಿನ್ ಬಂದದ್ದು ಬುಧವಾರ, ಸಂತೆಚೀಲದ ಜೊತೆ.
ಬಸಳೆಸೊಪ್ಪಿನ ಅಡಿಯಿಂದ ತೆಗೆದಳು ಕಾಗದ:
ಕೆಂಪು ಅಕ್ಷರ, ಪುಣೆಯ ವಿಳಾಸ,
ಅವಳು ಹೆಸರೇ ಕೇಳದ ಕಂಪನಿ.
ಹಳೇ ಸಾಲಗಳನ್ನು ಈಗ ಹೀಗೆ ಮಾರುತ್ತಾರೆ,
ಗುಜರಿಯವನು ಖಾಲಿ ಬಾಟಲಿ ಕೊಂಡಂತೆ, ಗೋಣಿಲೆಕ್ಕದಲ್ಲಿ.

"ಫ್ರಿಜ್ಜಿಂದು ಸಾರ್. ಆರು ಕಂತು ಕಟ್ಟಿದ್ದೆ.
ಆಮೇಲೆ ಹಾಸ್ಟೆಲು ಮುಚ್ಚಿತು, ಅಡುಗೆ ಕೆಲಸ ಹೋಯ್ತು.
ಹತ್ತು ವರ್ಷ ಆಯ್ತು.
ಫ್ರಿಜ್ಜೂ ನಾಲ್ಕನೇ ಮಳೆಗಾಲಕ್ಕೇ ಸತ್ತಿತು.
ಈಗ ಒಳ್ಳೆಮೆಣಸು ತುಂಬಿಡ್ತೇನೆ ಅದರಲ್ಲಿ,
ತಂಡಿ ಹಿಡಿಯೋದಿಲ್ಲ."

ಫೋನಿನ ಹುಡುಗ ಬಹಳ ಮೆತ್ತಗೆ ಹೇಳಿದನಂತೆ:
ದುಡ್ಡು ಈಗಲೇ ಬೇಡ ಅಕ್ಕ,
'ಬಾಕಿ ಇದೆ, ಕೊಡುತ್ತೇನೆ' ಅಂತ
ಒಂದು ಗೆರೆ ಬರೆದು ಸಹಿ ಹಾಕಿ ಕಳಿಸಿ, ಸಾಕು.

ಹಾಕಬೇಡ, ಅಂದೆ.
ಮೂರು ಬೆರಳು ತೋರಿಸಿದೆ. ಇಷ್ಟೇ ವರ್ಷ.
ಅಷ್ಟರೊಳಗೆ ಬರದವರಿಗೆ
ಕಾನೂನು ಬಾಗಿಲು ತೆರೆಯುವುದಿಲ್ಲ.

"ಹಾಗಾದ್ರೆ ಸಾಲ ಸತ್ತಿತಾ?"

ಎಲ್ಲರೂ ಇದನ್ನೇ ಕೇಳುತ್ತಾರೆ,
ಎಲ್ಲರೆದುರೂ ಇಲ್ಲೇ ತಡವರಿಸುತ್ತೇನೆ.
ಸತ್ತಿಲ್ಲ ಸೆಲಿನ್. ಕಾಲು ಹೋಗಿದೆ ಅದಕ್ಕೆ,
ಈ ಮೆಟ್ಟಿಲು ಹತ್ತಲಾರದು.
ಗೇಟಿನ ಹೊರಗೆ ಕೂತು ಕೂಗಬಹುದು, ಗೋಗರೆಯಬಹುದು,
ಹೆದರಿಸಬಹುದು.
ನೀನು ಸಹಿ ಹಾಕಿದೆಯೋ, ಎದ್ದು ನಡೆದೀತು.

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ
ಬಸಳೆಯ ಕೆಳಗೇ ಇಟ್ಟಳು.
ಇಪ್ಪತ್ತು ರೂಪಾಯಿ ಕೊಡಬಂದಳು. ಟೈಪೇ ಮಾಡಿಲ್ಲವಲ್ಲ, ಅಂದೆ.

ಮುಂದಿನ ಬುಧವಾರ ಮತ್ತೆ ಬಂದಳು.
ಗಡಿಯಾರ ಕಂಬದಲ್ಲಿ ಹತ್ತೂಕಾಲು;
ಸರಿಯೋ ತಪ್ಪೋ, ಪೇಟೆ ಅದನ್ನೇ ನಂಬುತ್ತದೆ.
"ಒಂದು ಕಾಗದ ಆಗಬೇಕು. ಉಮ್ಮರಿಗೆ."

ಉಮ್ಮರ್, ಅಂದು ಅಂಗಡಿಯಲ್ಲಿ ಫ್ರಿಜ್ಜು ಮಾರಿದ ಹುಡುಗ.
ಇವಳ ಕಂತು ತಪ್ಪಿದಾಗ ಎರಡು ತಿಂಗಳು
ಅವನ ಸಂಬಳದಲ್ಲಿ ಮುರಿದುಕೊಂಡಿದ್ದರು.
ಅವನು ಒಮ್ಮೆಯೂ ಕೇಳಲಿಲ್ಲ.
ಈಗ ಅಮ್ಮತ್ತಿಯಲ್ಲಿ ಮೀನಿನ ಗಾಡಿ,
ಇವಳನ್ನು ಕಂಡರೆ ಒಂದು ಮತ್ತಿ ಜಾಸ್ತಿ ಹಾಕುತ್ತಾನೆ.
"ಆ ಒಂದು ಮೀನು ನಂಗೆ ನುಂಗಕ್ಕಾಗಲ್ಲ ಸಾರ್."

ಅದಕ್ಕೂ ಅವಧಿ ಮೀರಿದೆ, ಅಂದೆ,
ಕೇಳುವ ಹಕ್ಕು ಅವನಿಗೂ ಉಳಿದಿಲ್ಲ.
ಬರೆದು ಸಹಿ ಹಾಕಿದರೆ ಮತ್ತೆ ಜೀವ ಬರುತ್ತದೆ, ಗೊತ್ತಲ್ಲ?

"ನೀವೇ ಹೇಳಿದ್ದಲ್ವಾ. ಬರಲಿ ಅಂತಲೇ ಬಂದೆ."

ಕಾಗದ ಏರಿಸಿದೆ.
ಮೂರು ಸಾವಿರದ ಆರುನೂರು, ತಿಂಗಳಿಗೆ ಇನ್ನೂರರಂತೆ.
'ತಿಂಗಳಿಗೆ' ಎಂಬಲ್ಲಿ ಅಕ್ಷರ ಬೀಳಲಿಲ್ಲ.
ಪೆನ್ನು ಹುಡುಕುತ್ತಿದ್ದೆ,
ಅದು ಅವಳ ಕೈಯಲ್ಲಿತ್ತು.