ಬಳುವಳಿ

ಮದುವೆಗೆ ಮೂರು ತಿಂಗಳಿತ್ತು.
ಬಕ್ಕಿಯ ಬಂದರಿನಲ್ಲಿ ಹೆರಿಂಗ್ ಮೀನಿನ ಸುಗ್ಗಿ.
ಅಪ್ಪ ಆರು ಗಿನಿ ಎಣಿಸಿ ಮೇಜಿನ ಮೇಲಿಟ್ಟು
"ಇದು ನನ್ನ ಉಡುಗೊರೆ" ಎಂದ.
ಟ್ರಂಕಿಗಲ್ಲ, ಹೊಲಿಗೆ ಯಂತ್ರಕ್ಕಲ್ಲ.
ಎಫಿಗೆ ಆಗ ಇಪ್ಪತ್ತೊಂದು. ಬಾಯಲ್ಲಿ ಇಪ್ಪತ್ತೆಂಟು ಹಲ್ಲು.
ನೋಯುತ್ತಿದ್ದದ್ದು ಮೂರು.

ಆ ಕಾಲ ಹಾಗಿತ್ತು, ಆ ಕಡಲತೀರ ಹಾಗಿತ್ತು:
ಇಂದಲ್ಲ ನಾಳೆ ಹುಳುಕಾಗುವವು ತಾನೇ,
ಕಟ್ಟಿಕೊಂಡವನ ಮೇಲೇಕೆ ಆ ಖರ್ಚಿನ ಹೊರೆ?
ಎಲ್ಲ ಕೀಳಿಸಿ, ಬೆಳ್ಳನೆಯ ಸೆಟ್ಟು ಕೂರಿಸಿ
ಕಳಿಸಿಕೊಟ್ಟರೆ
ತವರಿನ ಋಣ ತೀರಿತು.
ಅಕ್ಕನಿಗೂ ಹಾಗೇ ಮಾಡಿದ್ದರು. ಅತ್ತೆಯಾಗುವವಳು
"ಒಳ್ಳೆಯ ಮನೆತನ" ಎಂದು ತಲೆದೂಗಿದಳು.

ಜುಲೈನ ಒಂದು ಮಧ್ಯಾಹ್ನ. ರಬ್ಬರು ನಾರುವ ಗ್ಯಾಸು.
ಎಚ್ಚರಾದಾಗ ಎನಾಮಲ್ ಬೋಗುಣಿಯಲ್ಲಿ
ತನ್ನದೇ ಬಾಯಿ.
ಶಾಲು ಒತ್ತಿಕೊಂಡು ಇಳಿಜಾರಿನ ಬೀದಿ ಇಳಿದಳು.
ಗಾಳಿ ಒಸಡುಗಳಿಗೆ ಉಪ್ಪು ಹಚ್ಚಿತು.

ಮದುವೆಯ ಫೋಟೋ ಈಗಲೂ ಕಪಾಟಿನ ಮೇಲಿದೆ.
ಹೆಕ್ಟರ್ ನಗುತ್ತಿದ್ದಾನೆ, ಹೊಗೆಸೊಪ್ಪಿನ ಕಂದು ಹಲ್ಲು ಬಿಟ್ಟು.
ಎಫಿ ತುಟಿ ಬಿಗಿದಿದ್ದಾಳೆ.
ನಾಚಿಕೆ ಎಂದುಕೊಂಡರು ಎಲ್ಲರೂ.
ನಕ್ಕರೆ ಕೆಳಗಿನ ಸೆಟ್ಟು ಜಾರುತ್ತಿತ್ತು, ಅಷ್ಟೆ.
ಆಮೇಲೆ ಕೈ ಅಡ್ಡ ಹಿಡಿದು ನಗುವುದು ಕಲಿತಳು,
ಸೇಬನ್ನು ಚಮಚದಲ್ಲಿ ಕೆರೆದು ತಿನ್ನುವುದನ್ನೂ.
ಅಳುವ ಮಗನಿಗೆ ನಿಪ್ಪಲನ್ನು ಸಕ್ಕರೆ ಪಾಕದಲ್ಲಿ ಅದ್ದಿ ಕೊಟ್ಟಳು.
ಪ್ರೀತಿಯೇ ಅದು. ಹದಿನಾಲ್ಕಕ್ಕೆ ಅವನೂ
ಅದೇ ಕುರ್ಚಿಯಲ್ಲಿ ಕೂತ.

ಹೆಕ್ಟರನ ದೋಣಿ ಮರಳದ ಡಿಸೆಂಬರಿನಲ್ಲಿ
ನಡುರಾತ್ರಿ ಬಾಗಿಲು ಬಡಿದರು. ಪಾದ್ರಿ, ನೆರೆಯವರು,
"ಹಲ್ಲು ಕಚ್ಚಿ ಸಹಿಸು ಮಗಳೇ" ಎಂದರು.
ಹಲ್ಲು
ಗ್ಲಾಸಿನ ನೀರಿನಲ್ಲಿತ್ತು.

ಇದೆಲ್ಲ ಹಳೆಯದು. ಈಗ ಎಫಿಗೆ ತೊಂಬತ್ತು.
ಮರಿಮೊಮ್ಮಗಳು ಮಿರ್ರನ್, ಐದು ತುಂಬಿಲ್ಲ,
ಶಿಶುವಿಹಾರದಲ್ಲಿ ಬೆಳಗಿನ ಹಾಲಾದ ಮೇಲೆ
ಹದಿನೆಂಟು ಮಕ್ಕಳ ಜೊತೆ ಹಲ್ಲುಜ್ಜುತ್ತಾಳೆ.
ಒಂದೊಂದು ಬ್ರಷ್ಷಿಗೂ ಒಂದೊಂದು ಚಿತ್ರ, ಇವಳದು ಸೀಲು.
ಬಟಾಣಿ ಕಾಳಿನಷ್ಟೇ ಪೇಸ್ಟು.
ಉಗುಳಬೇಕು, ಬಾಯಿ ತೊಳೆಯಬಾರದು,
ಫ್ಲೋರೈಡು ಹಲ್ಲಿನ ಮೇಲೆ ಕೂತು ಕಾವಲಿರಲಿ.
ವರ್ಷಕ್ಕೆರಡು ಸಲ ಡಾಕ್ಟರಮ್ಮ ಪುಟ್ಟ ಕುಂಚದಿಂದ
ಬಾಳೆಹಣ್ಣಿನ ರುಚಿಯ ವಾರ್ನಿಷು ಬಳಿದು
ಕನ್ನಡಿ ತಿರುವಿ, ಇಣುಕಿ,
"ಏನೂ ಇಲ್ಲ" ಎನ್ನುತ್ತಾಳೆ.

ಏನೂ ಇಲ್ಲ!
ಎಫಿ ಆ ಮಾತನ್ನು ಮನೆ ತಲುಪುವವರೆಗೂ
ನಾಲಿಗೆಯ ಮೇಲೆ ಹೊರಳಿಸುತ್ತ ಬಂದಳು,
ಪೆಪ್ಪರ್‌ಮೆಂಟಿನ ಹಾಗೆ.
ನೋಯದ ಹಲ್ಲಿಗೆ ಕಥೆಯಿಲ್ಲ.
ನಿದ್ದೆಗೆಡದ ರಾತ್ರಿಯ ನೆನಪು ಯಾರಿಗೂ ಉಳಿಯುವುದಿಲ್ಲ.
ದಿನಕ್ಕೆ ನಾಲ್ಕೇ ನಿಮಿಷ ತೆತ್ತು ಈ ಹುಡುಗಿ ಕೊಳ್ಳುತ್ತಿರುವುದು
ಈ ಏನೂ ಇಲ್ಲದ್ದನ್ನು.
ಅಪ್ಪನ ಆರು ಗಿನಿಗೆ ಅದು ಸಿಗಲಿಲ್ಲ.
ಪಾಪ, ಅವನಿಗೆ ಆ ಅಂಗಡಿ ಗೊತ್ತಿರಲಿಲ್ಲ.

ರಾತ್ರಿ. ಬಚ್ಚಲಿನ ಸ್ಟೂಲು ಹತ್ತಿ ನಿಂತ ಮಿರ್ರನ್
ಮರಳು ಗಡಿಯಾರ ತಿರುವಿಟ್ಟು, ತನ್ನದು ಮುಗಿಸಿ,
"ಈಗ ನಿನ್ನವು ಕೊಡು" ಎನ್ನುತ್ತಾಳೆ.
ಎಫಿಯ ಬೊಚ್ಚುಬಾಯಿ ಕಂಡವಳು ಇವಳೊಬ್ಬಳೇ;
ಹೆಕ್ಟರನೆದುರೂ ದೀಪ ಆರಿಸಿಯೇ ತೆಗೆದಿಡುತ್ತಿದ್ದಳು.
ಸೆಟ್ಟನ್ನು ಅಂಗೈಯಲ್ಲಿಟ್ಟು, ಒಳಗೆ, ಹೊರಗೆ,
ಹಿಂದಿನ ದವಡೆಯನ್ನೂ ಮರೆಯದೆ
ಉಜ್ಜುತ್ತಾಳೆ, ಮರಳೆಲ್ಲ ಇಳಿಯುವವರೆಗೆ.
ಆಮೇಲೆ ಮೆತ್ತನೆಯ ಇನ್ನೊಂದು ಬ್ರಷ್ಷು ಕೊಟ್ಟು
"ಒಸಡು ಬಿಡಬೇಡ."
ಸರಿ.
"ಅಜ್ಜಿ, ಉಗುಳು."
ಉಗುಳುತ್ತಾಳೆ.
"ತೊಳೀಬೇಡ!"
ನಲ್ಲಿಯತ್ತ ಹೋದ ಕೈ ಅಲ್ಲೇ ನಿಲ್ಲುತ್ತದೆ,
ಬಾಯಿಗೆ ಅಡ್ಡ ಹಿಡಿಯಲೂ ಮರೆತು.
ಎಫಿ ನಗುತ್ತಾಳೆ.
ಜಾರುವುದಕ್ಕೆ ಏನೂ ಇಲ್ಲ.